ಡೊಂಬಿವಲಿಯಿಂದ ಸ್ಲಾಲಂ ಗೇಟಿಗೆ: ಮೊದಲು ಹಿಮದ ದಿನ ಎಣಿಸಿ

ಪ್ರಶ್ನೆ: ನನಗೆ 26 ವರ್ಷ. ಹಿರಿಯರ ಊರು ಗದಗ, ನಾನು ಹುಟ್ಟಿ ಬೆಳೆದದ್ದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಶಾಲೆಯಲ್ಲಿದ್ದಾಗ ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ ರಾಜ್ಯ ಮಟ್ಟದವರೆಗೆ ಹೋಗಿದ್ದೆ. ಹೋದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹದಿನಾಲ್ಕು ದಿನದ ಸ್ಕೀ ಕೋರ್ಸ್ ಮಾಡಿದೆ. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಜಮೈಕಾದವರೊಬ್ಬರು 32ನೇ ವಯಸ್ಸಿಗೆ ಕಲಿತು ಒಲಿಂಪಿಕ್ಸ್‌ಗೆ ಹೋದರಂತೆ. ಹಿಮವಿಲ್ಲದ ದೇಶಗಳಿಗೆ ಒಂದು ಸೀಟು ಇದ್ದೇ ಇರುತ್ತದಂತೆ. ನನ್ನಿಂದ ಆಗುತ್ತದಾ? ಎಲ್ಲಿಂದ ಶುರು ಮಾಡಲಿ, ಎಷ್ಟು ಖರ್ಚು? ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೊದಲು ಅಮ್ಮನಿಗೆ ಹೇಳಿ. ಆರು ಅಡಿ ಉದ್ದದ ಚೀಲವೊಂದು ಮನೆಗೆ ಬರಲಿದೆ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅದನ್ನು ಬಚ್ಚಿಡುವ ಜಾಗ ಇರುವುದಿಲ್ಲ. ನಾನು ಪುಣೆಯಲ್ಲಿ ಪ್ರಯತ್ನ ಮಾಡಿ ನೋಡಿದ್ದೇನೆ. ಮೂರನೇ ದಿನ ನಮ್ಮಮ್ಮ ಕಪಾಟಿನ ಮೇಲೆ ಧೂಳು ಹೊಡೆಯಲು ಹತ್ತಿ, "ಇದೇನೋ, ಹಲಗಿ ತಂದಿಟ್ಟೀಯಲ್ಲ" ಅಂದರು.

ನಾನು ಧಾರವಾಡದವನು. ಪುಣೆಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ. ಮೂವತ್ತರ ಹೊಸ್ತಿಲಲ್ಲಿ ನಿಮ್ಮ ಹಾಗೆಯೇ ಹುಚ್ಚು ಹಿಡಿದು ಎರಡು ಸೀಸನ್ ಸ್ಕೀ ರೇಸುಗಳಿಗೆ ಇಳಿದಿದ್ದೆ. ಹೇಳಿಕೊಳ್ಳುವಂಥ ಸಾಧನೆ ಏನೂ ಇಲ್ಲ. ಆದರೆ ಎಲ್ಲೆಲ್ಲಿ ಬೀಳುತ್ತೇವೆ ಅನ್ನುವುದು ಚೆನ್ನಾಗಿ ಗೊತ್ತು. ನೀವು ರೇಸರ್ ಆಗಬಹುದು. ಎರಡು ಮೂರು ವರ್ಷದಲ್ಲಿ ನಿಮ್ಮ ಹೆಸರಿನ ಮುಂದೆ ಅಂತರರಾಷ್ಟ್ರೀಯ ಪಾಯಿಂಟು ಕೂಡ ಬೀಳಬಹುದು. ಒಲಿಂಪಿಕ್ಸ್ ಮಾತ್ರ ಬೇರೆಯೇ ಲೆಕ್ಕ. ನೀವು ಕೇಳಿರುವ ಆ "ಸೀಟು" ಖಾಲಿ ಬಿದ್ದಿಲ್ಲ.

ಆಲ್ಪೈನ್ ಸ್ಕೀಯಿಂಗ್ ಅಂದರೆ ಬೆಟ್ಟ ಇಳಿಯುವ ಆಟ. ಅದರಲ್ಲಿ ಸ್ಲಾಲಂ ಅಂದರೆ ಹಿಮದಲ್ಲಿ ನೆಟ್ಟ ಕೋಲುಗಳ, ಅಂದರೆ ಗೇಟುಗಳ, ನಡುವೆ ತಿರುಗುತ್ತ ಇಳಿಯುವ ರೇಸು. ಈ ಆಟದಲ್ಲಿ ಸಣ್ಣ ದೇಶಗಳಿಗೆ ಬೇಸಿಕ್ ಕೋಟಾ ಅಂತ ಒಂದು ಇರುವುದು ನಿಜ. ಒಂದು ನಿರ್ದಿಷ್ಟ ಮಟ್ಟ ಮುಟ್ಟಿದರೆ ದೇಶಕ್ಕೆ ಒಬ್ಬ ಗಂಡು, ಒಬ್ಬ ಹೆಣ್ಣು ಹೋಗಬಹುದು. ಆದರೆ ಅದು ದೇಶಕ್ಕೆ ಸಿಗುವ ಸೀಟು, ನಿಮಗಲ್ಲ. ಭಾರತ ಪೂರ್ತಿ ಉಷ್ಣ ದೇಶವೂ ಅಲ್ಲವಲ್ಲ. ಡೊಂಬಿವಲಿಗೆ ಹಿಮ ಬೀಳುವುದಿಲ್ಲ, ಆದರೆ ಕಾಶ್ಮೀರದ ತಂಗಮಾರ್ಗ್‌ಗೆ ಬೀಳುತ್ತದೆ. ಅಲ್ಲಿಯ ಆರಿಫ್ ಖಾನ್ ಗುಲ್ಮಾರ್ಗ್‌ನಲ್ಲಿ ತಂದೆಯ ಸ್ಕೀ ಅಂಗಡಿಯ ಪಕ್ಕದಲ್ಲೇ ಬೆಳೆದವರು, ನಾಲ್ಕನೇ ವಯಸ್ಸಿಗೆ ಸ್ಕೀ ಕಟ್ಟಿದವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ ಅವರು. ಮನಾಲಿ ಪಕ್ಕದ ಬುರುವಾ ಹಳ್ಳಿಯ ಹಿಮಾಂಶು ಠಾಕೂರ್ 2014ರ ಸೋಚಿಗೆ ಹೋದರು. ಅವರ ತಂಗಿ ಆಂಚಲ್ 2018ರಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಂ ಕಂಚು ತಂದರು. ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಅಂತರರಾಷ್ಟ್ರೀಯ ಪದಕ. ನಿಮ್ಮ ಪೈಪೋಟಿ ಆಸ್ಟ್ರಿಯಾದವರ ಜೊತೆ ಅಲ್ಲ, ಈ ಹಳ್ಳಿಗಳ ಮಕ್ಕಳ ಜೊತೆ. ಜಮೈಕಾದವರಿಗೆ ಈ ತೊಂದರೆ ಇರಲಿಲ್ಲ.

ಆ ಜಮೈಕಾದವರು ಬೆಂಜಮಿನ್ ಅಲೆಕ್ಸಾಂಡರ್. ಡಿಜೆ ಆಗಿದ್ದವರು. 32ಕ್ಕೆ ಮೊದಲ ಸಲ ಸ್ಕೀ ಕಟ್ಟಿದ್ದು ನಿಜ, ಬೀಜಿಂಗ್‌ಗೆ ಹೋದದ್ದೂ ನಿಜ. ಅಲ್ಲಿಯ ಜೈಂಟ್ ಸ್ಲಾಲಂ (ಗೇಟುಗಳು ಇನ್ನೂ ದೂರ ದೂರ ಇರುವ ರೇಸು) ದಿನ ಹಿಮ ಸುರಿಯುತ್ತಿತ್ತು, ಎದುರಿನ ಗೇಟು ಸರಿಯಾಗಿ ಕಾಣುತ್ತಿರಲಿಲ್ಲ. ಎಂಬತ್ತಕ್ಕೂ ಹೆಚ್ಚು ಜನ ಇಳಿದರು, ಎರಡೂ ರನ್, ಅಂದರೆ ಎರಡೂ ಇಳಿತ, ಮುಗಿಸಿದವರು 46 ಜನ. ಆರಿಫ್ 45ನೆಯವರು, ಬೆಂಜಮಿನ್ 46ನೆಯವರು. ಇದನ್ನು ಕೇಳಿ ನಗುವವರೂ ಇದ್ದಾರೆ. ನನಗೆ ಮಾತ್ರ ಅವತ್ತಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅವರಿಬ್ಬರೂ ಕೆಳಗೆ ಮುಟ್ಟಿದ್ದು. ಇವರಿಗಿಂತ ಎಷ್ಟೋ ಪಾಲು ಜೋರಿನವರು ಮಧ್ಯದಲ್ಲೇ ಹೊರಗೆ ಬಿದ್ದಿದ್ದರು.

ಈಗ ಪಾಯಿಂಟಿನ ಲೆಕ್ಕ. ಇದು ಅರ್ಥವಾಗದೆ ಈ ಆಟಕ್ಕೆ ಇಳಿಯಬೇಡಿ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಗೆ ಎಫ್‌ಐಎಸ್ ಅನ್ನುತ್ತಾರೆ. ಅದರ ಪಾಯಿಂಟು ಪದ್ಧತಿಯಲ್ಲಿ ಕಡಿಮೆ ಇದ್ದಷ್ಟು ಒಳ್ಳೆಯದು, ಸೊನ್ನೆ ಅಂದರೆ ಲೋಕದಲ್ಲೇ ಮೇಲು. ಸ್ಲಾಲಂಗೆ 730 ಅಂತ ಒಂದು ಸಂಖ್ಯೆ ಇದೆ. ಗೆದ್ದವನಿಗಿಂತ ನೀವು ಎಷ್ಟು ಪಾಲು ಹೆಚ್ಚು ಹೊತ್ತು ತೆಗೆದುಕೊಂಡಿರಿ ಅನ್ನುವುದನ್ನು ಅದರಿಂದ ಗುಣಿಸುತ್ತಾರೆ. ಗೆದ್ದವನು ಎರಡು ರನ್ ಸೇರಿ 90 ಸೆಕೆಂಡು, ನೀವು 112 ಸೆಕೆಂಡು ಅಂದುಕೊಳ್ಳಿ. ನಿಮ್ಮ ಪಾಯಿಂಟು ಸುಮಾರು 178. ಅದರ ಮೇಲೆ ಆ ರೇಸಿನ "ಪೆನಾಲ್ಟಿ" ಸೇರುತ್ತದೆ. ಮುಂದಿನ ಸಾಲಿನ ಸ್ಪರ್ಧಿಗಳು ಗಟ್ಟಿಯಾಗಿದ್ದರೆ ಪೆನಾಲ್ಟಿ ಕಡಿಮೆ, ಸಾಧಾರಣವಾಗಿದ್ದರೆ ಜಾಸ್ತಿ. 60 ಅಂತ ಹಿಡಿದರೆ ನಿಮ್ಮದು 238 ಆಯಿತು. ಒಲಿಂಪಿಕ್ಸ್ ಬೇಸಿಕ್ ಕೋಟಾಗೆ 2018ರಲ್ಲಿ ಬೇಕಿದ್ದದ್ದು 140, ಅದೂ ಒಂದು ರೇಸಿನಲ್ಲಲ್ಲ, ಐದರ ಸರಾಸರಿ. ಪ್ರತಿ ಒಲಿಂಪಿಕ್ಸ್‌ಗೂ ಈ ನಿಯಮ ಬದಲಾಗುತ್ತದೆ. 2022ಕ್ಕೆ 160 ಮಾಡಿದ್ದರು. 140 ಬೇಕೆಂದರೆ ಇದೇ ರೇಸಿನಲ್ಲಿ ನೀವು ಗೆದ್ದವನಿಗಿಂತ ಹತ್ತು ಸೆಕೆಂಡಿನ ಒಳಗೆ ಬರಬೇಕು. 22 ಸೆಕೆಂಡಿನಿಂದ 10 ಸೆಕೆಂಡಿಗೆ ಇಳಿಯುವುದು ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ನನ್ನ ಎರಡು ಸೀಸನ್ ಆ ಹನ್ನೆರಡು ಸೆಕೆಂಡಿನಲ್ಲೇ ಕರಗಿಹೋದವು.

ಈ ಪೆನಾಲ್ಟಿಯ ವಿಷಯ ಗೊತ್ತಾದ ಮೇಲೆ ಎಲ್ಲರ ತಲೆಗೂ ಒಂದು ಅಡ್ಡದಾರಿ ಹೊಳೆಯುತ್ತದೆ. ಸಣ್ಣ ರೇಸು, ಹೆಚ್ಚು ಜನ ಇಲ್ಲ, ಒಳ್ಳೆಯ ಪಾಯಿಂಟು ಇರುವವರು ನಾಲ್ಕು ಜನ ಬಂದು ನಿಧಾನವಾಗಿ ಇಳಿದರೆ ಪೆನಾಲ್ಟಿಯೂ ಕಡಿಮೆ, ಗೆದ್ದವನ ಜೊತೆಗಿನ ಅಂತರವೂ ಕಡಿಮೆ, ಕೆಲಸ ಮುಗಿಯಿತಲ್ಲ ಅಂತ. ಇದರ ಕಥೆ ಒಮ್ಮೆ ಆಗಿಹೋಗಿದೆ. ಪಿಟೀಲು ವಾದಕಿ ವನೆಸ್ಸಾ ಮೇ 2014ರ ಸೋಚಿಯಲ್ಲಿ ಥಾಯ್ಲೆಂಡ್ ಪರ ಜೈಂಟ್ ಸ್ಲಾಲಂ ಇಳಿದು 67ನೆಯವರಾಗಿ ಮುಗಿಸಿದರು. ಅವರು ಅರ್ಹತೆ ಪಡೆದ ಸ್ಲೊವೇನಿಯಾದ ಕ್ರವವೆಟ್ಸ್ ರೇಸುಗಳ ಫಲಿತಾಂಶ ತಿರುಚಲಾಗಿತ್ತು ಅಂತ ಎಫ್‌ಐಎಸ್ ಆಮೇಲೆ ತೀರ್ಮಾನಿಸಿತು. ಅವರಿಗೆ ನಾಲ್ಕು ವರ್ಷ ನಿಷೇಧ ಹಾಕಿತು. 2015ರಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಆ ನಿಷೇಧ ತೆಗೆದುಹಾಕಿತು. ಅವರೇ ತಿರುಚಿದರು ಅನ್ನುವುದಕ್ಕೆ ಪುರಾವೆ ಸಾಲದು ಅಂತ. ರೇಸಿನ ಫಲಿತಾಂಶ ಮಾತ್ರ ರದ್ದಾಗಿಯೇ ಉಳಿಯಿತು. ಯಾರಾದರೂ ನಿಮಗೆ "ಪಾಯಿಂಟು ಮಾಡಿಸಿ ಕೊಡ್ತೀವಿ" ಅಂತ ಪ್ಯಾಕೇಜ್ ತೋರಿಸಿದರೆ ಈ ಕಥೆ ನೆನಪಿರಲಿ.

ಹಾಗಾದರೆ ಆ ಹನ್ನೆರಡು ಸೆಕೆಂಡು ಎಲ್ಲಿಂದ ಬರುತ್ತವೆ? ಧೈರ್ಯದಿಂದ ಅಲ್ಲ. ತೊಡೆಯ ಬಲದಿಂದ ಸ್ವಲ್ಪ. ಉಳಿದದ್ದೆಲ್ಲ ಹಿಮದ ಮೇಲೆ ಕಳೆದ ದಿನಗಳಿಂದ. ಗುಲ್ಮಾರ್ಗ್‌ನ ಹುಡುಗನೊಬ್ಬ ನಾಲ್ಕನೇ ವರ್ಷದಿಂದ ಹದಿನೆಂಟರವರೆಗೆ ಚಳಿಗಾಲಕ್ಕೆ 80 ದಿನ ಸ್ಕೀ ಮಾಡಿದ ಅಂತ ಅಂದಾಜು ಹಿಡಿಯೋಣ. ಹದಿನೈದು ಚಳಿಗಾಲಕ್ಕೆ 1,200 ದಿನ. ನೀವು ರಜೆ ಹಾಕಿ ವರ್ಷಕ್ಕೆ 14 ದಿನ ಹೋದರೆ ಅಷ್ಟಾಗಲು 85 ವರ್ಷಕ್ಕೂ ಹೆಚ್ಚು ಬೇಕು. ಅದಕ್ಕೇ ನನ್ನ ಬಳಿ ಬರುವವರಿಗೆ ನಾನು ಮೊದಲು ಒಂದು ಡೈರಿ ಇಡಿಸುತ್ತೇನೆ. ಅದರಲ್ಲಿ ಬರೆಯುವುದು ಒಂದೇ ಸಂಖ್ಯೆ, ಇವತ್ತಿನವರೆಗೆ ಎಷ್ಟು ಹಿಮದ ದಿನ. ನಿಮ್ಮದು ಈಗ 14. ಅದರಲ್ಲೂ ಹವಾ ಕೆಟ್ಟು ಬೆಟ್ಟಕ್ಕೆ ಏರಿಸುವ ಲಿಫ್ಟ್ ನಿಂತ ದಿನಗಳನ್ನು ಪ್ರಾಮಾಣಿಕವಾಗಿ ಕಳೆದುಬಿಡಿ. ನೂರು ಆಗುವವರೆಗೆ ರೇಸಿನ ಮಾತು ಬೇಡ. ನೂರು ಆದಮೇಲೆ ನಾವೇ ಕೂತು ಮಾತಾಡೋಣ.

ದಿನಗಳು ಸಿಗುವ ಜಾಗ ನಮ್ಮ ದೇಶದಲ್ಲಿ ಮೂರು ನಾಲ್ಕು. ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗೊಂಡೋಲಾ ರೋಪ್‌ವೇ ಅಫರ್ವತ್ ಬೆಟ್ಟಕ್ಕೆ ಏರುತ್ತದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಸಂಸ್ಥೆ ಅಲ್ಲಿದೆ. ಉತ್ತರಾಖಂಡದ ಔಲಿ, ಮನಾಲಿ ಮೇಲಿನ ಸೋಲಾಂಗ್ ಇವೆ. ಸೋಲಾಂಗ್‌ನಲ್ಲಿ ಮನಾಲಿಯ ಪರ್ವತಾರೋಹಣ ಸಂಸ್ಥೆಯವರು ಕೋರ್ಸ್ ನಡೆಸುತ್ತಾರೆ. ಕೋರ್ಸುಗಳು ಸೋವಿ, ಶಿಸ್ತು ಚೆನ್ನಾಗಿದೆ, ಶುರುವಿಗೆ ಇದಕ್ಕಿಂತ ಬೇರೆ ಬೇಡ. ಬೇಸಿಕ್ ಆದಮೇಲೆ ಇಂಟರ್‌ಮೀಡಿಯೆಟ್, ಅಡ್ವಾನ್ಸ್ ಎರಡನ್ನೂ ಒಂದೇ ಚಳಿಗಾಲದಲ್ಲಿ ಮುಗಿಸಿ. ಆದರೆ ಹಿಮವನ್ನು ನಂಬುವ ಹಾಗಿಲ್ಲ. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಭಾಗವನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ತಳ್ಳಿದರು. ಟಿಕೆಟ್ ಮಾಡುವಾಗ ಬದಲಾಯಿಸಲು ಬರುವಂಥದ್ದನ್ನೇ ಮಾಡಿ.

ಮುಂಬೈಯವರಿಗೆ ಇನ್ನೊಂದು ದಾರಿ ಇದೆ. ಮಾಲ್‌ಗಳಲ್ಲಿರುವ ಸ್ನೋ ಪಾರ್ಕ್ ಅಲ್ಲ. ಅಲ್ಲಿ ಜಾರುಬಂಡೆ ಆಡಬಹುದು ಅಷ್ಟೇ. ನಾನು ಹೇಳುವುದು ದುಬೈ. ವಿಮಾನದಲ್ಲಿ ಮೂರು ಗಂಟೆ. ಅಲ್ಲಿಯ ಮಾಲ್ ಒಳಗಿರುವ ಸ್ಕೀ ದುಬೈ 2005ರಲ್ಲಿ ತೆರೆಯಿತು. ಉದ್ದದ ಇಳಿಜಾರು 400 ಮೀಟರ್. ಕೇಳಿದರೆ ತಮಾಷೆ ಅನ್ನಿಸುತ್ತದೆ. ಆದರೆ ಆರಿಫ್ ಬೀಜಿಂಗ್‌ಗೆ ಸ್ಲಾಲಂ ಅರ್ಹತೆ ಪಡೆದದ್ದು 2021ರ ನವೆಂಬರಿನಲ್ಲಿ ಇದೇ ದುಬೈಯಲ್ಲಿ. ಘಾನಾದ ಕ್ವಾಮೆ ಎನ್‌ಕ್ರುಮಾ ಅಚಂಪಾಂಗ್ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಒಳಾಂಗಣ ಇಳಿಜಾರಿನಲ್ಲಿ ರಿಸೆಪ್ಷನಿಸ್ಟ್ ಕೆಲಸ ಮಾಡುತ್ತ ಸ್ಕೀ ಕಲಿತರು, 2010ರ ವ್ಯಾಂಕೂವರ್ ಸ್ಲಾಲಂನಲ್ಲಿ 47ನೆಯವರಾದರು. ಒಳಾಂಗಣದಲ್ಲಿ ಒಂದು ಲಾಭ ಇದೆ. ಹಿಮ ದಿನಾ ಒಂದೇ ಥರ ಇರುತ್ತದೆ, ಗಾಳಿ ಮಂಜಿನ ಕಾಟ ಇಲ್ಲ, ಒಂದೇ ತಿರುವನ್ನು ದಿನಕ್ಕೆ ನೂರು ಸಲ ತಿದ್ದಬಹುದು. ನಷ್ಟವೂ ಅದೇ. ಬಯಲಿನ ಬೆಟ್ಟಕ್ಕೆ ಹೋದಾಗ ಇಳಿಜಾರು ಮುಗಿಯುವುದೇ ಇಲ್ಲವಲ್ಲ ಅಂತ ತೊಡೆ ಅಳುತ್ತದೆ.

ಮೂರನೇ ದಾರಿ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್‌ಗಳಲ್ಲಿ ಚಳಿಗಾಲ. ದುಬಾರಿ. ಯುರೋಪ್ ಯೋಚಿಸಿದರೆ ಷೆಂಗೆನ್ ವೀಸಾದ ಲೆಕ್ಕ ಈಗಲೇ ಕಲಿತುಕೊಳ್ಳಿ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಸ್ಕೀ ಸೀಸನ್ ಅದಕ್ಕಿಂತ ಉದ್ದ. ಅದಕ್ಕೇ ನಮ್ಮವರು ಮಧ್ಯೆ ಷೆಂಗೆನ್ ಹೊರಗಿನ ಟರ್ಕಿ, ಇರಾನ್, ಮಾಂಟೆನೆಗ್ರೋ ಕಡೆ ಹೋಗಿ ರೇಸ್ ಮಾಡಿ ಬರುವುದು. ರೇಸುಗಳೂ ಅಲ್ಲಿ ಸಣ್ಣವು, ಹೊಸಬರಿಗೆ ಉಸಿರು ಸಿಗುತ್ತದೆ.

ಇನ್ನು ನಿಮ್ಮ ಸ್ಕೇಟಿಂಗ್. ಇದು ಆಸ್ತಿಯೂ ಹೌದು, ಸಾಲವೂ ಹೌದು. ಎಡ್ಜ್ (ಅಂಚು) ಅಂದರೇನು, ಭಾರ ಎಲ್ಲಿಡಬೇಕು ಅನ್ನುವುದು ಕಾಲಿಗೆ ಗೊತ್ತಿರುತ್ತದೆ. ಹೆದರಿಕೆ ಅರ್ಧ ಹೋಗಿರುತ್ತದೆ. ಆದರೆ ಸ್ಪೀಡ್ ಸ್ಕೇಟರ್‌ಗಳು ಯಾವಾಗಲೂ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗಿದವರು. ಗುಲ್ಮಾರ್ಗ್‌ನಲ್ಲಿ ನಿಮ್ಮ ಎಡ ತಿರುವು ಬೆಣ್ಣೆ ಹಾಗೆ, ಬಲ ತಿರುವು ಎತ್ತಿನಗಾಡಿ ಹಾಗೆ ಇತ್ತಲ್ಲವಾ? ನನ್ನದೂ ಹಾಗೇ ಇತ್ತು. ಎರಡನೇ ಚಟ ತಿರುವಿನಲ್ಲಿ ಕಾಲೆತ್ತಿ ದಾಟಿಸುವುದು. ಸ್ಕೀಯಲ್ಲಿ ಹಾಗೆ ಮಾಡಿದರೆ ಒಂದರ ಮೇಲೊಂದು ಹತ್ತಿ ಮೂಗು ಹಿಮಕ್ಕೆ. ಮೂರನೆಯದು ಭಾರ ಹಿಮ್ಮಡಿಗೆ ಹೋಗುವುದು. ಸ್ಕೀ ಬೂಟಿನ ಮುಂಭಾಗದ ನಾಲಿಗೆಗೆ ನಿಮ್ಮ ಮೊಣಕಾಲ ಕೆಳಗಿನ ಎಲುಬು ಸದಾ ಒತ್ತಿಕೊಂಡೇ ಇರಬೇಕು. ಸಂಜೆ ಕಾಲುಚೀಲ ಬಿಚ್ಚಿದಾಗ ಅಲ್ಲಿ ಕೆಂಪು ಗೆರೆ ಇಲ್ಲದಿದ್ದರೆ ಅವತ್ತು ಹಿಂದಕ್ಕೆ ಕೂತು ಇಳಿದಿದ್ದೀರಿ ಅಂತ ಅರ್ಥ. ಅಂದ ಹಾಗೆ, ಕಾಲುಚೀಲ ತೆಳುವಾದದ್ದು, ಒಂದೇ ಜೊತೆ. ಚಳಿ ಅಂತ ಎರಡು ಜೊತೆ ಹಾಕುವುದು ನಮ್ಮ ಕಡೆಯವರ ಮೊದಲ ತಪ್ಪು. ರಕ್ತ ಓಡುವುದು ನಿಂತು ಬೆರಳು ಇನ್ನೂ ಜಾಸ್ತಿ ಮರಗಟ್ಟುತ್ತವೆ.

ಗೇಟುಗಳ ನಡುವೆ ಇಳಿಯುವುದು ಸ್ಕೀ ಮಾಡುವುದಕ್ಕಿಂತ ಬೇರೆ ವಿದ್ಯೆ. ಬಯಲಲ್ಲಿ ನಿಮಗೆ ಬೇಕಾದಲ್ಲಿ ತಿರುಗುತ್ತೀರಿ, ರೇಸಿನಲ್ಲಿ ಕೋಲು ಹೇಳಿದಲ್ಲಿ ತಿರುಗಬೇಕು. ಸ್ಲಾಲಂನಲ್ಲಿ ಒಳ್ಳೆಯವರು ಕೋಲಿನ ಪಕ್ಕದಿಂದ ಹೋಗುವುದಿಲ್ಲ. ಮೊಣಕಾಲ ಕೆಳಗಿನ ಪ್ಯಾಡು, ಕೈಯಲ್ಲಿ ಹಿಡಿದ ಸ್ಕೀ ಕಂಬಿಯ ಗಾರ್ಡು ಎರಡರಿಂದ ಗೇಟಿನ ಕೋಲನ್ನು ಹೊಡೆದು ಮಲಗಿಸಿಕೊಂಡೇ ದಾಟುತ್ತಾರೆ. ಎರಡೂ ಸ್ಕೀಯ ತುದಿ, ಎರಡೂ ಪಾದ ಗೇಟಿನ ಸರಿಯಾದ ಬದಿಯಿಂದಲೇ ಹೋಗಬೇಕು. ಒಂದು ಕಾಲು ಆ ಕಡೆ ಹೋದರೂ ಅಲ್ಲಿಗೆ ಮುಗಿಯಿತು. ರೇಸಿಗೆ ಮೊದಲು ಕೋರ್ಸನ್ನು ನೋಡಲು ಬಿಡುತ್ತಾರೆ. ಬದಿಯಿಂದ ಅಡ್ಡ ಜಾರುತ್ತ ಗೇಟು ಎಣಿಸಬೇಕು, ಎಲ್ಲಿ ನೇರ ಸಾಲು ಬರುತ್ತದೆ, ಎಲ್ಲಿ ಇಳಿಜಾರು ಒಮ್ಮೆಲೇ ಮುರಿಯುತ್ತದೆ ಅಂತ ಬಾಯಿಪಾಠ ಮಾಡಬೇಕು. ಮೇಲೆ ಸಾಲಿನಲ್ಲಿ ನಿಂತವರನ್ನು ನೋಡಿದರೆ ಎಲ್ಲರೂ ಕಣ್ಣು ಮುಚ್ಚಿ ಕೈ ಅತ್ತಿತ್ತ ಆಡಿಸುತ್ತಿರುತ್ತಾರೆ. ಮಗ್ಗಿ ಹೇಳುವ ಮಕ್ಕಳ ಹಾಗೆ.

ಇಲ್ಲಿ ನಮ್ಮಂಥವರಿಗೆ ಒಂದು ಗುಟ್ಟಿನ ಪೆಟ್ಟು ಇದೆ. ಕಡಿಮೆ ಪಾಯಿಂಟಿನವರು ಮೊದಲು ಇಳಿಯುತ್ತಾರೆ. ನಿಮ್ಮ ಬಿಬ್ ನಂಬರ್, ಅಂದರೆ ಎದೆಯ ಮೇಲಿನ ಸರದಿ ಸಂಖ್ಯೆ, 70, 80 ಆಗಿರುತ್ತದೆ. ಅಷ್ಟು ಹೊತ್ತಿಗೆ ಪ್ರತಿ ಗೇಟಿನ ಸುತ್ತ ಮಳೆಗಾಲದಲ್ಲಿ ಲಾರಿ ಓಡಾಡಿದ ಮಣ್ಣು ರಸ್ತೆಯ ಹಾಗೆ ಕೊರಕಲು ಬಿದ್ದಿರುತ್ತದೆ. ಚೊಕ್ಕ ಹಿಮದಲ್ಲಿ ಕಲಿತ ಚೊಕ್ಕ ತಿರುವು ಅಲ್ಲಿ ನಡೆಯುವುದಿಲ್ಲ. ನನ್ನ ಮೊದಲ ವಿದೇಶದ ರೇಸಿಗೆ ಒಂದು ವರ್ಷದ ಉಳಿತಾಯ ಖರ್ಚು ಮಾಡಿದ್ದೆ. ನಾಲ್ಕನೇ ಗೇಟಿನ ಕೊರಕಲಿನಲ್ಲಿ ಹೊರಗಿನ ಸ್ಕೀ ಸಿಕ್ಕಿಕೊಂಡು ಬಿದ್ದೆ. ಸ್ಟಾರ್ಟಿನಿಂದ ಅಲ್ಲಿಗೆ ಐದು ಸೆಕೆಂಡು ಆಗಿರಬಹುದು. ಮುಗಿಸದಿದ್ದರೆ ಪಾಯಿಂಟೂ ಇಲ್ಲ, ಎರಡನೇ ರನ್ನೂ ಇಲ್ಲ. ಹಲಗೆ ಹೆಗಲಿಗೆ ಹಾಕಿಕೊಂಡು ಬದಿಯಲ್ಲಿ ಇಳಿದು ಬಂದೆ. ಆಮೇಲೆ ಅಭ್ಯಾಸದಲ್ಲಿ ಬೇರೆಯವರೆಲ್ಲ ಕೆಡಿಸಿ ಬಿಟ್ಟ ಕೋರ್ಸಿನಲ್ಲೇ ಸಂಜೆ ಇಳಿಯುವುದನ್ನು ರೂಢಿ ಮಾಡಿಕೊಂಡೆ. ನೀವೂ ಹಾಗೇ ಮಾಡಿ.

ಹಿಮ ಇಲ್ಲದ ಒಂಬತ್ತು ತಿಂಗಳು ಏನು ಮಾಡುವುದು? ಬೆಟ್ಟ ಇಳಿಯಿರಿ. ಹತ್ತುವುದಲ್ಲ, ಇಳಿಯುವುದು. ಪುಣೆಯವರು ಭಾನುವಾರ ಸಿಂಹಗಡ ಹತ್ತಿ, ಪಿಠ್ಲ ಭಾಕ್ರಿ ಹೊಡೆದು, ಜೀಪಿನಲ್ಲಿ ಇಳಿಯುತ್ತಾರೆ. ನಾನು ಹುಡುಗರಿಗೆ ಉಲ್ಟಾ ಹೇಳುತ್ತೇನೆ. ಬೇಕಾದರೆ ಜೀಪಿನಲ್ಲಿ ಹತ್ತಿ, ಕಾಲಲ್ಲಿ ಇಳಿಯಿರಿ. ಸ್ಕೀಯಲ್ಲಿ ತೊಡೆ ಮಾಡುವ ಕೆಲಸ ತಳ್ಳುವುದಲ್ಲ, ಭಾರವನ್ನು ತಡೆಯುತ್ತ ನಿಧಾನಕ್ಕೆ ಬಿಡುವುದು. ಇಳಿಯುವಾಗ ಸ್ನಾಯು ಅದನ್ನೇ ಮಾಡುತ್ತದೆ. ನಿಮಗೆ ನೇರಳ್ ಲೋಕಲ್ ಹಿಡಿದರೆ ಮಾಥೇರಾನ್ ಇದೆ. ವಾರಕ್ಕೆ ಒಂದು ಇಳಿತ, ಎರಡು ದಿನ ಜಿಮ್. ಜಿಮ್ಮಿನಲ್ಲಿ ತೊಡೆಯ ಮುಂಭಾಗಕ್ಕೆ ಎಷ್ಟು ಗಮನವೋ ಹಿಂಭಾಗಕ್ಕೂ ಅಷ್ಟೇ. ಸ್ಕೀ ರೇಸರ್‌ಗಳ ದೊಡ್ಡ ಗಾಯ ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಪಟ್ಟಿ ಹರಿಯುವುದು. ಆಪರೇಶನ್, ಆಮೇಲೆ ಒಂಬತ್ತು ತಿಂಗಳು ಒಂದು ವರ್ಷ ಮನೆ. ತೊಡೆಯ ಹಿಂದಿನ ಸ್ನಾಯು ಗಟ್ಟಿ ಇದ್ದರೆ ಅದು ಆ ಪಟ್ಟಿಗೆ ಆಸರೆ. ಇನ್ನೊಂದು ಮಾತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಚ್ಚಿಕೊಳ್ಳುವ ಬಿಗಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ನೋಡಿ ಇಡಬೇಕು. ಶೋಕಿಗೆ ಬಿಗಿ ಮಾಡಿಸಬೇಡಿ. ಸ್ಕೀ ಬಿಚ್ಚಿಕೊಳ್ಳದಿದ್ದರೆ ಮೊಣಕಾಲು ಬಿಚ್ಚಿಕೊಳ್ಳುತ್ತದೆ.

ಇನ್‌ಲೈನ್ ಸ್ಕೇಟ್ ಬಿಡಬೇಡಿ. ಖಾಲಿ ಇರುವ ಇಳಿಜಾರು ರಸ್ತೆಯಲ್ಲಿ, ಬೆಳಿಗ್ಗೆ ಐದೂವರೆಗೆ, ಪ್ಲಾಸ್ಟಿಕ್ ಕೋನ್ ಇಟ್ಟು ಸ್ಲಾಲಂ ಮಾಡಿ. ಇನ್‌ಲೈನ್ ಆಲ್ಪೈನ್ ಅಂತ ಅದೇ ಒಂದು ಆಟ ಇದೆ, ಗೇಟುಗಳನ್ನು ಡಾಂಬರಿನ ಮೇಲೆ ನಿಲ್ಲಿಸುತ್ತಾರೆ. ಬಲ ತಿರುವು ಎರಡು ಪಟ್ಟು. ಹೆಲ್ಮೆಟ್ ಇಲ್ಲದೆ ಬೇಡ.

ಸಾಮಾನಿನ ವಿಷಯ. ಬೂಟು ಮೊದಲು, ಸ್ಕೀ ಆಮೇಲೆ. ಬಾಡಿಗೆ ಬೂಟಿನಲ್ಲಿ ಕಾಲು ಈಜಾಡುತ್ತಿರುತ್ತದೆ. ನೀವು ಮೊಣಕಾಲು ತಿರುಗಿಸಿದ ಮೇಲೆ ಎಷ್ಟೋ ಹೊತ್ತಿಗೆ ಸ್ಕೀಗೆ ಸುದ್ದಿ ಮುಟ್ಟುತ್ತದೆ. ಸ್ವಂತ ಬೂಟಿಗೆ ಐವತ್ತರವತ್ತು ಸಾವಿರ ಹೋಗಬಹುದು, ಕೊಡಿ. ಹೊಸ ರೇಸ್ ಸ್ಕೀ ಬೈಂಡಿಂಗ್ ಸೇರಿ ಲಕ್ಷ ಮುಟ್ಟುತ್ತದೆ, ಕೊಡಬೇಡಿ. ಯುರೋಪಿನ ಕ್ಲಬ್ ಮಕ್ಕಳು ಒಂದೇ ಸೀಸನ್ ಬಳಸಿ ಮಾರುವುದನ್ನು ತೆಗೆದುಕೊಳ್ಳಿ. ಎಫ್‌ಐಎಸ್ ಸ್ಲಾಲಂನಲ್ಲಿ ಗಂಡಸರ ಸ್ಕೀ 165 ಸೆಂಟಿಮೀಟರಿಗಿಂತ, ಹೆಂಗಸರದು 155ಕ್ಕಿಂತ ಗಿಡ್ಡ ಇರಬಾರದು. ಜೈಂಟ್ ಸ್ಲಾಲಂಗೆ ಹೆಲ್ಮೆಟ್ ಮೇಲೆ ಎಫ್‌ಐಎಸ್ ಚೀಟಿ ಇರಲೇಬೇಕು. ಸ್ಕೀ ತಳಕ್ಕೆ ಹಚ್ಚುವ ಮೇಣಕ್ಕೆ ವ್ಯಾಕ್ಸ್ ಅನ್ನುತ್ತಾರೆ. ಫ್ಲೋರಿನ್ ಇರುವ ವ್ಯಾಕ್ಸ್ ಈಗ ರೇಸಿನಲ್ಲಿ ನಿಷೇಧ, ಹಳೆಯ ಡಬ್ಬಿ ಸೋವಿಗೆ ಸಿಕ್ಕಿತು ಅಂತ ತರಬೇಡಿ.

ಮುಂಬೈಯ ಜುಲೈ ಸ್ಕೀಗೆ ಗುಲ್ಮಾರ್ಗ್‌ನ ಕಲ್ಲಿಗಿಂತ ದೊಡ್ಡ ಶತ್ರು. ಮೊದಲ ವರ್ಷ ನಾನು ಸ್ಕೀಗಳನ್ನು ಸುಮ್ನೆ ಚೀಲದಲ್ಲಿ ಹಾಕಿ ಇಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದು ನೋಡಿದರೆ ಉಕ್ಕಿನ ಅಂಚು ಪೂರ್ತಿ ಕೆಂಪು ತುಕ್ಕು, ಬೂಟಿನ ಒಳಚೀಲದಲ್ಲಿ ಹಸಿರು ಬೂಷ್ಟು. ವಾಸನೆ ಹೇಳಬಾರದು. ಈಗ ಏಪ್ರಿಲಿನಲ್ಲೇ ಅಂಚು ಒರೆಸಿ, ತಳಕ್ಕೂ ಅಂಚಿಗೂ ದಪ್ಪಗೆ ವ್ಯಾಕ್ಸ್ ಮೆತ್ತಿ, ಕೆರೆಯದೆ ಹಾಗೇ ಬಿಡುತ್ತೇನೆ. ಒಳಚೀಲ ಹೊರಗೆ ತೆಗೆದು ಫ್ಯಾನಿಗೆ ಒಣಗಿಸಿ ಬೇರೆ ಇಡುತ್ತೇನೆ. ವ್ಯಾಕ್ಸಿಗೆ ಮನೆಯ ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ. ಹಬೆಯ ತೂತಿನಲ್ಲಿ ಮೇಣ ಸೇರಿ, ಮುಂದಿನ ಸೋಮವಾರ ಆಫೀಸ್ ಶರ್ಟಿನ ಮೇಲೆ ಇಳಿಯುತ್ತದೆ. ಲೋಕಲ್‌ನಲ್ಲಿ ಚೀಲ ಒಯ್ಯುವುದಿದ್ದರೆ ಲಗೇಜ್ ಡಬ್ಬಿ ಹತ್ತಿ. ಮೀನು ಬುಟ್ಟಿಯವರು ಜಾಗ ಕೊಡುತ್ತಾರೆ, ಕುತೂಹಲಕ್ಕೆ ನೂರು ಪ್ರಶ್ನೆಯನ್ನೂ ಕೇಳುತ್ತಾರೆ.

ಕಾಗದ ಪತ್ರ ಬೇಗ ಮುಗಿಸುತ್ತೇನೆ. ಎಫ್‌ಐಎಸ್‌ಗೆ ನೀವೇ ನೇರವಾಗಿ ಹೆಸರು ಕೊಡಲು ಆಗುವುದಿಲ್ಲ. ದೇಶದ ಸಂಸ್ಥೆ ಕೊಡಬೇಕು. ಭಾರತದಲ್ಲಿ ಅದು ಸ್ಕೀ ಅಂಡ್ ಸ್ನೋಬೋರ್ಡ್ ಇಂಡಿಯಾ. ಅದಕ್ಕೆ ಮೊದಲು ಯಾವುದಾದರೂ ರಾಜ್ಯದ ಪರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕಾಣಿಸಿಕೊಳ್ಳಿ. ನೀವು ಮಹಾರಾಷ್ಟ್ರದ ನಿವಾಸಿ, ಅಲ್ಲಿಂದಲೇ ಪ್ರಯತ್ನಿಸಿ. ಸಂಬಂಧಿಕರ ವಿಳಾಸ ಹಾಕಿ ಗದಗದಿಂದ ನುಸುಳುವ ಯೋಚನೆ ಬೇಡ. ವಿಮೆ ಮಾತ್ರ ಕಣ್ಣಿಟ್ಟು ಓದಿ. ವೀಸಾಗೆ ತೋರಿಸುವ ಮಾಮೂಲಿ ಪ್ರವಾಸ ವಿಮೆಯ ಸಣ್ಣ ಅಕ್ಷರದಲ್ಲಿ ರೇಸಿಂಗ್‌ಗೆ ಅನ್ವಯಿಸುವುದಿಲ್ಲ ಅಂತ ಇರುವುದೇ ಹೆಚ್ಚು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದ ಬಿಲ್ ಬಂದಾಗ ಗೊತ್ತಾದರೆ ಏನು ಪ್ರಯೋಜನ?

ದುಡ್ಡು. ದೇಶದೊಳಗಿನ ಚಳಿಗಾಲ ಕೋರ್ಸು, ಪ್ರಯಾಣ, ಊಟ ಸೇರಿ ನಿಮ್ಮ ಸಂಬಳದಲ್ಲಿ ನಿಭಾಯಿಸಬಹುದು. ಯುರೋಪಿನಲ್ಲಿ ಆರು ವಾರ, ನಾಲ್ಕು ಜನ ಒಂದು ರೂಮಿನಲ್ಲಿ, ಕುಕ್ಕರ್ ಒಯ್ದು ಅನ್ನ ಸಾರು ಮಾಡಿಕೊಂಡು ಇದ್ದರೂ ಏಳೆಂಟು ಲಕ್ಷ ಅಂತ ಹಿಡಿಯಿರಿ. ಹೆಚ್ಚು ತಿನ್ನುವುದು ಲಿಫ್ಟ್ ಪಾಸು ಮತ್ತು ಕೋಚ್. ಪ್ರಾಯೋಜಕರು ಸಿಗುತ್ತಾರೆ ಅನ್ನುವ ನಂಬಿಕೆ ಮೇಲೆ ಸಾಲ ಮಾಡಬೇಡಿ. ಆರಿಫ್‌ರಂಥವರಿಗೇ 2018ರ ಅರ್ಹತೆಯ ಹೊತ್ತಿಗೆ ಹಣ ಸಾಲದೆ ಹೋಯಿತು.

ಕೊನೆಯದಾಗಿ, ನೀವು ಕೇಳದೇ ಇದ್ದದ್ದು. 26ಕ್ಕೆ ಶುರು ಮಾಡುವವರು ನನ್ನನ್ನು ಕೇಳಿದರೆ ನಾನು ಆಲ್ಪೈನ್‌ಗಿಂತ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಕಡೆ ಬೆರಳು ತೋರಿಸುತ್ತೇನೆ. ಅದು ಇಳಿಯುವ ಆಟ ಅಲ್ಲ, ಹಿಮದ ಮೇಲೆ ದೂರ ಓಡುವ ಆಟ. ಅದಕ್ಕೆ ಬೇಕಾದ ಉಸಿರು ನೀವು ಡಾಂಬರಿನ ಮೇಲೆ ಕಟ್ಟಬಹುದು. ರೋಲರ್ ಸ್ಕೀ ಅಂತ ಬರುತ್ತದೆ, ಗಿಡ್ಡ ಪಟ್ಟಿಗೆ ಎರಡು ಗಾಲಿ. ಯುರೋಪಿನವರೂ ಬೇಸಿಗೆಯಲ್ಲಿ ಅದರ ಮೇಲೇ ಅಭ್ಯಾಸ ಮಾಡುತ್ತಾರೆ. ಸ್ಕೇಟರ್ ತಳ್ಳುವ ಕಾಲು ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನೇ ನೋಡಿ. ಕಾಫಿ ತೋಟದ ನಾಡಿನವರು. ಕರ್ನಾಟಕದ ಪರ ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದರು, 2025ರಲ್ಲಿ ಚಿಲಿಯಲ್ಲಿ 5 ಕಿಲೋಮೀಟರ್ ರೇಸಿನಲ್ಲಿ ಕಂಚು ತಂದರು. ನಿಮಗೆ ಗೇಟು ಹೊಡೆಯುವ ಸದ್ದೇ ಬೇಕು ಅನ್ನಿಸಿದರೆ ನನ್ನ ತಕರಾರಿಲ್ಲ. ನನಗೂ ಅದೇ ಬೇಕಿತ್ತು.

ಈ ವರ್ಷದ ಕೆಲಸ ಇಷ್ಟು. ದೀಪಾವಳಿಯವರೆಗೆ ಇಳಿತ, ಜಿಮ್, ಬಲ ತಿರುವು. ನವೆಂಬರಿನಲ್ಲಿ ರಜೆ ಸಿಕ್ಕರೆ ದುಬೈಯಲ್ಲಿ ನಾಲ್ಕು ದಿನ. ಜನವರಿಯಿಂದ ಮಾರ್ಚ್ ನಡುವೆ ಎಷ್ಟು ರಜೆ ಕೂಡಿಹಾಕಲು ಆಗುತ್ತದೋ ಅಷ್ಟೂ ಗುಲ್ಮಾರ್ಗ್. ಸಂಬಳವಿಲ್ಲದ ರಜೆ ಕೇಳಲು ನಾಚಿಕೆ ಬೇಡ. ಮಳೆ ನಿಂತ ಮೇಲೆ ಒಂದು ಭಾನುವಾರ ಪುಣೆ ಕಡೆ ಬನ್ನಿ, ಸಿಂಹಗಡ ಇಳಿಯೋಣ. ಬರುವಾಗ ಹಳೆಯ ಸ್ಕೇಟುಗಳನ್ನು ತನ್ನಿ. ಅವುಗಳ ಗಾಲಿ ಯಾವ ಬದಿಗೆ ಸವೆದಿದೆ ಅಂತ ನೋಡಬೇಕು.